ಮುರಿದ ರಥ, ಮುರಿದ ಕಾಲು

🪷 *ದಿನಕ್ಕೊಂದು ಧಮ್ಮಚಿಂತನ* 🪷

(ಭಾನುವಾರದ ಓದು. ಇಂದಿನದು ಸ್ವಲ್ಪ ದೀರ್ಘ. ಬಿಡುವು ಮಾಡಿಕೊಂಡು ಓದಿ.)



ಕಳೆದ ವಾರದ ಅಧ್ಯಯನದಲ್ಲಿ ನಾವು ನಾಗಸೇನ ಭಂತೆಯವರು ಮಿಲಿಂದ ರಾಜನಿಗೆ ಹೇಳಿದ ರಥದ ಉಪಮೆಯನ್ನು ಓದಿದೆವು. ಓದು ಮುಗಿದ ಮೇಲೆ ನಮ್ಮಲ್ಲೊಬ್ಬರು ಒಂದು ಪ್ರಶ್ನೆ ಎತ್ತಿದರು. "ರಥ ಅನ್ನೋದು ಬರೀ ಹೆಸರು ಅಂದಮೇಲೆ, ರಥ ಮುರಿದವನಿಗೆ ತಪ್ಪು ಎಲ್ಲಿಂದ ಅಂಟಿಕೊಳ್ತದೆ?" ಅವತ್ತು ಯಾರೂ ಸರಿಯಾಗಿ ಉತ್ತರ ಹೇಳಲಿಲ್ಲ. ನಾನಂತೂ ಬಾಯಿಯನ್ನೇ ಬಿಡಲಿಲ್ಲ. ಬಿಡದಿರಲು ಕಾರಣವಿತ್ತು. ಒಂದು ರಥವನ್ನು ನಾನೇ ಮುರಿದಿದ್ದೇನೆ. ಇಂದು ಆ ವಿಷಯ ಬರೆಯುತ್ತೇನೆ.

ಮೊದಲು ಶಾಲೆಯ ಒಂದು ಮಾತು. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಶ್ರೀರಂಗಪಟ್ಟಣದ ಬಳಿ ಇರುವ 'ಪಯಣ' ಕಾರು ಸಂಗ್ರಹಾಲಯಕ್ಕೆ ಹೋಗಿದ್ದೆವು. ಹಳೆಯ ಕಾಲದ ಕಾರುಗಳು ಕನ್ನಡಿಯಂತೆ ಹೊಳೆಯುತ್ತ ಸಾಲಾಗಿ ನಿಂತಿದ್ದವು. ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ, "ಇವು ಓಡ್ತವಾ ಸಾ, ಇಲ್ಲಾ ಬರೀ ನಿಂತೇ ಇರ್ತವಾ?" ವಾಪಸ್ ಬರುವಾಗ ಬಸ್ಸಿನಲ್ಲಿ ಅವನೇ ಯಾರದ್ದೋ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಇಂಗ್ಲೆಂಡಿನ ಗುಡ್‌ವುಡ್ ಎಂಬಲ್ಲಿನ ರೇಸು. ಅಲ್ಲಿನ ಓಟದ ಹಾದಿ 1948ರಲ್ಲಿ ಶುರುವಾಗಿ 1966ರಲ್ಲಿ ನಿಂತುಹೋಗಿತ್ತು. 1998ರಿಂದ ಮತ್ತೆ ಪ್ರತಿವರ್ಷ ಹಳೆಯ ರೇಸ್ ಕಾರುಗಳನ್ನೇ ಅಲ್ಲಿ ಓಡಿಸುತ್ತಾರೆ. ಅಲಂಕಾರಕ್ಕೆಂದು ನಿಧಾನವಾಗಿ ಓಡಿಸುವುದಲ್ಲ. ಅವತ್ತು ಹೇಗೆ ಓಡಿಸುತ್ತಿದ್ದರೋ ಹಾಗೆಯೇ ಪೈಪೋಟಿಗೆ ಬಿದ್ದು ಓಡಿಸುತ್ತಾರೆ. ಒಂದು ಕಾರು ತಿರುವಿನಲ್ಲಿ ಜಾರಿ, ಇನ್ನೊಂದಕ್ಕೆ ಗುದ್ದಿ, ಮೂತಿ ಚಪ್ಪಟೆಯಾಗಿ ನಿಂತಿತು.

"ಅದ್ರ ಬೆಲೆ ಎಷ್ಟು ಸಾ?" ಎಂದ. ಆ ಕಾರಿನ ಬೆಲೆ ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಅಂಥ ಕಾರುಗಳ ಬಗ್ಗೆ ಓದಿದೆ. 1962ರಿಂದ 1964ರವರೆಗೆ ಇಟಲಿಯ ಫೆರಾರಿ ಕಂಪನಿ '250 ಜಿಟಿಒ' ಎಂಬ ಕಾರನ್ನು 36 ಮಾತ್ರ ಮಾಡಿತು. 2018ರಲ್ಲಿ ಅದರಲ್ಲೊಂದು ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. ರೂಪಾಯಿಯಲ್ಲಿ ಮುನ್ನೂರು ಕೋಟಿಗೂ ಮೇಲೆ. ಪಿಂಕ್ ಫ್ಲಾಯ್ಡ್ ಎಂಬ ಹೆಸರಾಂತ ಸಂಗೀತ ತಂಡದ ನಿಕ್ ಮೇಸನ್ ಎಂಬವರ ಬಳಿ ಅಂಥದ್ದೊಂದಿದೆ. ಅವರು ಅದನ್ನು ಗಾಜಿನ ಮನೆಯಲ್ಲಿ ಇಟ್ಟಿಲ್ಲ, ರೇಸಿಗೆ ಓಡಿಸುತ್ತಾರೆ.

ಹುಡುಗ ಕೇಳಿದ ಮುಂದಿನ ಪ್ರಶ್ನೆ ಸರಳವಾಗಿತ್ತು. "ಅಷ್ಟು ಬೆಲೆ ಬಾಳೋದನ್ನ ಯಾಕ್ ಸಾ ಓಡುಸ್ತಾರೆ? ಮನೇಲಿ ಮಡಿಕಂಡಿದ್ರೆ ಆಗ್ತಿರ್ನಿಲ್ವಾ?"

*ಓಡಿಸುವುದೋ, ಕಾಪಾಡುವುದೋ?*

ಇದಕ್ಕೆ ಎರಡು ಉತ್ತರ ಇದೆ.

ಒಂದು: ಕಾರು ಇರುವುದೇ ಓಡಲು. ನಿಲ್ಲಿಸಿ ಇಟ್ಟರೆ ಎಣ್ಣೆ ಗಟ್ಟಿಯಾಗುತ್ತದೆ, ರಬ್ಬರ್ ಬಿರುಕು ಬಿಡುತ್ತದೆ, ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತದೆ. ಓಡಿಸದಿದ್ದರೂ ಅದು ಹಾಳಾಗುತ್ತಲೇ ಇರುತ್ತದೆ. ನಮ್ಮಲ್ಲೂ ಹಾಗೆಯೇ. ಬೆಟ್ಟದ ಮಾದಪ್ಪನ ತೇರು ಕೊಟ್ಟಿಗೆಯಲ್ಲಿ ನಿಂತಿದ್ದರೆ ಅದು ಮರದ ರಾಶಿ. ದೀಪಾವಳಿಯಲ್ಲಿ ಜನ ಹಗ್ಗ ಹಿಡಿದು ಎಳೆದಾಗಲೇ ಅದು ತೇರು.

ಎರಡು: ಉಳಿದಿರುವುದೇ ಕೆಲವು. ಒಮ್ಮೆ ಹೋದರೆ ಹೋಯಿತು. ಮುಂದಿನವರಿಗೆ ಏನು ಉಳಿಯುತ್ತದೆ? ನಿನ್ನ ಸಂತೋಷಕ್ಕೆ ಅದನ್ನು ಪಣಕ್ಕಿಡುವ ಹಕ್ಕು ನಿನಗೆಲ್ಲಿದೆ?

ಧಮ್ಮ ಓದಿದ ನಮಗೆ ಮೊದಲ ಉತ್ತರವೇ ಹೆಚ್ಚು ಪ್ರಿಯವಾಗುತ್ತದೆ. ಅನಿತ್ಯ ಎಂದು ದಿನಾ ಹೇಳುವವರಲ್ಲವೇ ನಾವು? ಥಾಯ್ಲೆಂಡಿನ ಅಜಾನ್ ಚಾ ಅವರು ನೀರು ಕುಡಿಯುವ ಲೋಟವನ್ನು ತೋರಿಸಿ, ಇದನ್ನು ಆಗಲೇ ಒಡೆದುಹೋದದ್ದೆಂದು ತಿಳಿದು ಬಳಸಿ ಎಂದು ಕಲಿಸುತ್ತಿದ್ದರಂತೆ. ಮುನ್ನೂರು ಕೋಟಿಯ ಕಾರು ಗುದ್ದಿಕೊಂಡಾಗಲೂ ನಗುತ್ತ ಇಳಿದು ಬರುವ ಮನುಷ್ಯನನ್ನು ಕಂಡರೆ, 'ನೋಡಿ, ಎಷ್ಟು ನಿರ್ಲಿಪ್ತ' ಅನ್ನಿಸಬಹುದು.

ನಾನು ಅಷ್ಟು ಬೇಗ ಒಪ್ಪುವುದಿಲ್ಲ. ಸರಿ ಮಾಡಿಸುವ ದುಡ್ಡು ಇರುವವನು ನಗುವುದು ಸುಲಭ. ಅಂಟಿಕೊಳ್ಳದಿರುವುದು ಬೇರೆ, ಲಕ್ಷ್ಯವಿಲ್ಲದಿರುವುದು ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ.

ಕನ್ನಡ ಮೇಷ್ಟ್ರಾಗಿ ಒಂದು ಪದದ ವಿಚಾರ ಹೇಳಲೇಬೇಕು. ಕನ್ನಡದಲ್ಲಿ 'ಪ್ರಮಾದ' ಎಂದರೆ ತಪ್ಪು, ಅನಾಹುತ. 'ದೊಡ್ಡ ಪ್ರಮಾದ ಆಗಿಹೋಯ್ತು' ಎನ್ನುತ್ತೇವೆ. ಪಾಲಿಯಲ್ಲಿ 'ಪಮಾದ' ಎಂದರೆ ಎಚ್ಚರಗೇಡಿತನ. ನಾವು ಆ ಪದವನ್ನು ಫಲಕ್ಕೆ ಬಳಸುತ್ತಿದ್ದೇವೆ, ಪಾಲಿ ಬೀಜಕ್ಕೆ ಬಳಸುತ್ತದೆ. ಅನಾಹುತ ಆಗುವ ಮೊದಲೇ ಪಮಾದ ಆಗಿರುತ್ತದೆ. ಎಷ್ಟೋ ಸಲ ಪಮಾದ ಆಗಿಯೂ ಅನಾಹುತ ಆಗುವುದಿಲ್ಲ. ಆಗ ನಾವು ಅದನ್ನು ಧೈರ್ಯ ಎಂದು ಕರೆದುಕೊಳ್ಳುತ್ತೇವೆ.

ಭಗವಾನ್ ಬುದ್ಧರ ಕೊನೆಯ ಉಪದೇಶದಲ್ಲಿ ಎರಡು ಮಾತು ಅಕ್ಕಪಕ್ಕ ಇವೆ. ಕೂಡಿ ಆದದ್ದೆಲ್ಲ ಕಳಚುತ್ತದೆ ಎನ್ನುವುದು ಒಂದು. ಎಚ್ಚರ ತಪ್ಪದೆ ಸಾಧಿಸಿ ಎನ್ನುವುದು ಇನ್ನೊಂದು. ನಾವು ಮೊದಲ ಮಾತನ್ನು ಹಿಡಿದುಕೊಂಡು ಎರಡನೆಯದನ್ನು ಬಿಡುತ್ತೇವೆ. ಮುರಿಯುವ ವಸ್ತು ತಾನೇ, ಮುರಿದರೆ ಮುರಿಯಲಿ ಎಂದು ಅವರು ಹೇಳಲಿಲ್ಲ. ಮುರಿಯುವ ವಸ್ತುವಾದ್ದರಿಂದಲೇ ಎಚ್ಚರ ಬೇಕು. ಒಡೆಯರಪಾಳ್ಯದ ಟಿಬೆಟ್ ಕ್ಯಾಂಪಿನ ಕಡೆ ಹೋದವರಿಗೆ ಗೊತ್ತು. ಟಿಬೆಟಿನ ಭಿಕ್ಕುಗಳು ಬಣ್ಣದ ಮರಳಿನಲ್ಲಿ ಮಂಡಲ ಬರೆದು ಕೊನೆಗೆ ಗುಡಿಸಿಬಿಡುವ ಪದ್ಧತಿ ಇದೆ. ಗುಡಿಸುವುದನ್ನು ಎಲ್ಲರೂ ಹೇಳುತ್ತಾರೆ. ಗುಡಿಸಿ ಹಾಕುವ ಮರಳಿನ ಒಂದೊಂದು ಕಾಳನ್ನೂ ಎಷ್ಟು ಜೋಪಾನವಾಗಿ ಇಟ್ಟಿದ್ದರು ಎನ್ನುವುದನ್ನು ಹೇಳುವವರು ಕಡಿಮೆ.

*ನಾನು ಮುರಿದ ರಥ*

ಈಗ ನನ್ನ ಕಥೆ.

ನಮ್ಮ ದೊಡ್ಡಪ್ಪನ ಹತ್ತಿರ ಒಂದು ಹಳೆಯ ವಿಲೀಸ್ ಜೀಪು ಇತ್ತು. ಮಹೀಂದ್ರದವರು ಆ ಮಾದರಿಯನ್ನು ನಮ್ಮ ದೇಶದಲ್ಲಿ ಜೋಡಿಸಲು ಶುರುಮಾಡಿದ್ದು 1940ರ ದಶಕದ ಕೊನೆಯಲ್ಲಿ. ದೊಡ್ಡಪ್ಪ ಅದನ್ನು ಮೂರನೆಯದೋ ನಾಲ್ಕನೆಯದೋ ಕೈಯಾಗಿ ಕೊಂಡದ್ದು. ಅಮಾವಾಸ್ಯೆ, ಶಿವರಾತ್ರಿ, ದೀಪಾವಳಿ ಬಂತೆಂದರೆ ಹನೂರಿನಿಂದ ಕೌದಳ್ಳಿ, ತಾಳಬೆಟ್ಟ ದಾಟಿ ಬೆಟ್ಟಕ್ಕೆ ಪರಸೆ ಜನರನ್ನು ತುಂಬಿಕೊಂಡು ಹೋಗುತ್ತಿತ್ತು. ನಮ್ಮ ಮನೆಯ ಅಕ್ಕಿ ಬೇಳೆ ಆ ಜೀಪಿನಿಂದಲೇ ಬರುತ್ತಿತ್ತು. ನನ್ನ ಎಂ.ಎ. ಓದಿಗೂ ಅದರದ್ದೇ ದುಡ್ಡು.

2001ರ ದೀಪಾವಳಿ ಜಾತ್ರೆ ಮುಗಿದ ರಾತ್ರಿ. ನನಗೆ ಇಪ್ಪತ್ತೆರಡು ವರ್ಷ. ದೊಡ್ಡಪ್ಪನಿಗೆ ಜ್ವರ ಬಂದಿತ್ತು ಎಂದು ಗಾಡಿಯನ್ನು ನಾನು ತಂದಿದ್ದೆ. ಜನರನ್ನು ಇಳಿಸಿ, ಖಾಲಿ ಗಾಡಿಯಲ್ಲಿ ಕೆಳಗೆ ಹೊರಟೆ. ಹಿಂದೆ ಕ್ಲೀನರ್ ಹುಡುಗ ಕೂತಿದ್ದ. ಹದಿನೈದು ವರ್ಷ ಇರಬಹುದು. ಶಾಲೆ ಬಿಟ್ಟು ಜೀಪಿಗೆ ಬಂದವನು. ನನ್ನನ್ನು 'ಅಣ್ಣ' ಎನ್ನುತ್ತಿದ್ದ. ಜೀಪು ಅಂದರೆ ಅವನಿಗೆ ಪ್ರಾಣ. ಬೆಳಿಗ್ಗೆ ಎದ್ದು ಅದರ ಮುಖ ತೊಳೆದ ಮೇಲೇ ತನ್ನ ಮುಖ ತೊಳೆಯುತ್ತಿದ್ದ.

ನನ್ನ ಗೆಳೆಯನೊಬ್ಬ ಇನ್ನೊಂದು ಗಾಡಿಯಲ್ಲಿ ಮುಂದೆ ಹೋದ. ಹೋಗುವಾಗ ಹಾರನ್ ಹೊಡೆದು ಕೈ ಬೀಸಿದ. ಅಷ್ಟೇ ಸಾಕಾಯಿತು. ತಾಳಬೆಟ್ಟಕ್ಕೆ ಯಾರು ಮೊದಲು ಎಂದು ಮಾತಾಡಿಕೊಳ್ಳಲೂ ಇಲ್ಲ, ರೇಸು ಶುರುವಾಗಿತ್ತು. ಆ ಘಾಟಿಯ ತಿರುವುಗಳು ನಿಮಗೆಲ್ಲ ಗೊತ್ತು. ಹಿಂದಿನಿಂದ ಹುಡುಗ, "ಮೆಲ್ಲಗೆ ಅಣ್ಣ, ಬ್ರೇಕ್ ಕಾದದೆ" ಅಂದ. ಎರಡು ಸಲ ಅಂದ. ಕೇಳಿಸಿತು. ಕೇಳಿಸಲಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಇವತ್ತು ನಿಜ ಬರೆಯುತ್ತಿದ್ದೇನೆ: ಕೇಳಿಸಿತು.

ಒಂದು ತಿರುವಿನಲ್ಲಿ ಬ್ರೇಕು ಹಿಡಿಯಲಿಲ್ಲ. ಗಾಡಿ ಬಂಡೆಗೆ ಹೊಡೆದು ಚರಂಡಿಗೆ ಮಗುಚಿತು. ನನಗೆ ತರಚು ಗಾಯ. ಹುಡುಗನ ಬಲಗಾಲು ಬಾಡಿಯ ಕೆಳಗೆ ಸಿಕ್ಕಿಕೊಂಡಿತ್ತು.

ಬೆಳಿಗ್ಗೆ ದೊಡ್ಡಪ್ಪ ಬಂದರು. "ನಿಂಗೇನೂ ಆಗ್ನಿಲ್ವಲ್ಲ ಮಗ" ಅಂದರು. ಆಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ನನಗೆ ಅಳು ಬಂದದ್ದು ಆಗ. ಹುಡುಗನನ್ನು ರಾತ್ರಿಯೇ ಆಸ್ಪತ್ರೆಗೆ ಕಳುಹಿಸಿದ್ದರು. ನಾನು ಅತ್ತದ್ದು ಜೀಪಿಗಾಗಿ, ಇಲ್ಲವೇ ದೊಡ್ಡಪ್ಪನ ಮುಖ ನೋಡಿ. ಹುಡುಗನಿಗಾಗಿ ಅಳಲಿಲ್ಲ.

ಮೂರು ತಿಂಗಳು ದೊಡ್ಡಪ್ಪ ಆ ಜೀಪಿನ ಹಿಂದೆ ಬಿದ್ದರು. ಚಾಸಿ ಬಗ್ಗಿತ್ತು, ಅದನ್ನು ಕಾಯಿಸಿ ನೇರ ಮಾಡಿಸಿದರು. ಮೈಸೂರು, ಕೊಯಮತ್ತೂರು ಗುಜರಿಗಳಲ್ಲಿ ಅಲೆದು ಅದೇ ಕಾಲದ ಗ್ರಿಲ್ಲು, ಅದೇ ಮಾದರಿಯ ಮಡ್‌ಗಾರ್ಡು ಹುಡುಕಿ ತಂದರು. ಟಿಂಕರಿಂಗ್ ಆಯಿತು, ಪುಟ್ಟಿ ಆಯಿತು, ಪೇಂಟ್ ಆಯಿತು. ಬಂದವರೆಲ್ಲ, "ಏನೂ ಆಗೇ ಇಲ್ಲ ಅನ್ನೋ ಹಂಗದೆ" ಎಂದು ಹೊಗಳಿದರು.

ಹುಡುಗನ ಮನೆಯವರನ್ನು ಕೂರಿಸಿ ಪಂಚಾಯ್ತಿ ಮಾಡಿ, ಎರಡು ಸಾವಿರ ರೂಪಾಯಿ ಕೊಟ್ಟು 'ಮುಗಿಸಿದರು'. ಮೂಳೆ ಸರಿಯಾಗಿ ಕೂಡಲಿಲ್ಲ. ಅವನು ಮತ್ತೆ ಜೀಪಿಗೆ ಬರಲಿಲ್ಲ. ಮುಂದಿನ ವರ್ಷ ನಾನು ಬಿ.ಎಡ್.ಗೆ ಸೇರಿದೆ. ಕೆಲಸ ಸಿಕ್ಕಿತು. ಮದುವೆ ಆಯಿತು. ಧಮ್ಮ ಸಿಕ್ಕಿತು. ಪಂಚಶೀಲ ತೆಗೆದುಕೊಂಡೆ. ಹುಡುಗ ಎಲ್ಲಿದ್ದಾನೆಂದು ಒಮ್ಮೆಯೂ ಹುಡುಕಲಿಲ್ಲ.

*ಬೆಂಟ್ಲಿ ಕಾರಿನ ಮೊಕದ್ದಮೆ*

ಹಳೆಯ ರೇಸ್ ಕಾರುಗಳ ಬಗ್ಗೆ ಓದುತ್ತ ಹೋದಾಗ ನನ್ನ ಕಣ್ಣಿಗೆ ಬಿದ್ದದ್ದು 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ ಕಾರಿನ ಕಥೆ. ಫ್ರಾನ್ಸಿನ ಲೆ ಮಾನ್‌ನಲ್ಲಿ ಇಪ್ಪತ್ತನಾಲ್ಕು ಗಂಟೆ ಎಡೆಬಿಡದೆ ಓಡುವ ರೇಸು ಇದೆ. 1929ರಲ್ಲಿ ಈ ಕಾರು ಅಲ್ಲಿ ಗೆದ್ದಿತು. 1930ರಲ್ಲಿ ಮತ್ತೆ ಗೆದ್ದಿತು. ಎರಡು ಸಲವೂ ಓಡಿಸಿದವರಲ್ಲೊಬ್ಬರು ವುಲ್ಫ್ ಬಾರ್ನಾಟೊ. ಆಮೇಲೆ ಕಾರನ್ನು ಬಿಚ್ಚಿ ಕಟ್ಟಿದರು. ಎಂಜಿನ್ ಬದಲಾಯಿಸಿ ಎಂಟು ಲೀಟರಿನ ದೊಡ್ಡ ಎಂಜಿನ್ ಕೂರಿಸಿದರು. 1932ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನ 500 ಮೈಲಿ ಓಟದಲ್ಲಿ ಕ್ಲೈವ್ ಡನ್‌ಫೀ ಅದನ್ನು ಓಡಿಸುತ್ತಿದ್ದ. ಅವನ ಸೋದರ ಜ್ಯಾಕ್ ಸ್ವಲ್ಪ ಹೊತ್ತಿನ ಮುಂಚೆ ಅವನ ಕೈಗೆ ಕೊಟ್ಟಿದ್ದ ಕಾರು. ಇಳಿಜಾರಾಗಿ ಎತ್ತರಿಸಿದ ಆ ಓಟದ ಹಾದಿಯ ಅಂಚು ದಾಟಿ ಕಾರು ಆಚೆಗೆ ಹಾರಿತು. ಕ್ಲೈವ್ ಸತ್ತುಹೋದ.

ಕಾರನ್ನು ಸರಿ ಮಾಡಿದರು. ಮೇಲುಗವಚ ಬದಲಾಯಿತು, ರೂಪ ಬದಲಾಯಿತು. ದಶಕಗಳು ಕಳೆದವು. ಕೊನೆಗೆ ಅದರ ಯಜಮಾನರು 1 ಕೋಟಿ ಪೌಂಡಿಗೆ ಮಾರಲು ಕರಾರು ಮಾಡಿಕೊಂಡರು. ಕೊಳ್ಳುವವರು ಹಿಂದೆ ಸರಿದರು. 'ಇದು ಲೆ ಮಾನ್ ಗೆದ್ದ ಕಾರೇ ಅಲ್ಲ, ಎಲ್ಲ ಭಾಗವೂ ಬದಲಾಗಿದೆ' ಎಂದರು. 1990ರಲ್ಲಿ ಲಂಡನ್ನಿನ ಹೈಕೋರ್ಟಿಗೆ ಮೊಕದ್ದಮೆ ಬಂತು.

ತಜ್ಞರ ಸಾಕ್ಷ್ಯ ಹೇಳಿದ್ದು ಹೀಗೆ: 1929ರ ಕಾರಿನದ್ದು ಹೆಚ್ಚುಕಡಿಮೆ ಏನೂ ಉಳಿದಿಲ್ಲ. 1930ರದ್ದು ಗೇರ್ ಬಾಕ್ಸಿನ ಹೊರಕವಚ, ಸ್ಟೇರಿಂಗಿನ ಕಂಬ, ಪೆಡಲಿನ ದಂಡ, ಇಂಥ ಕೆಲವೇ ಕೆಲವು. ಹಾಗಾದರೆ ಆ ಕಾರು ಎಲ್ಲಿ? ಚಕ್ರ ಕಾರೇ? ಅಲ್ಲ. ಎಂಜಿನ್ ಕಾರೇ? ಅಲ್ಲ. ಚಾಸಿ ಕಾರೇ? ಅಲ್ಲ. ನಾಗಸೇನ ಭಂತೆ ಮತ್ತು ಮಿಲಿಂದ ರಾಜ ಸಾಗಲ ಪಟ್ಟಣದಲ್ಲಿ ಆಡಿದ ಮಾತನ್ನೇ ಎರಡು ಸಾವಿರ ವರ್ಷದ ಮೇಲೆ ಲಂಡನ್ನಿನ ವಕೀಲರು ಕರಿಕೋಟು ಹಾಕಿಕೊಂಡು ಆಡುತ್ತಿದ್ದರು!

ನ್ಯಾಯಮೂರ್ತಿ ಆಟನ್ ಅವರ ತೀರ್ಪಿನ ಸಾರ ಇಷ್ಟು: ಮೊದಲಿದ್ದಂತೆಯೇ ಇರುವ ಕಾರು ಎನ್ನಲಾಗದು. ಆದರೆ ಇದೇ ಆ ಕಾರು. ಏಕೆಂದರೆ ಭಾಗಗಳು ಒಂದೇ ಸಲಕ್ಕೆ ಬದಲಾಗಲಿಲ್ಲ. ಒಂದೊಂದಾಗಿ ಬಂದು ಇದ್ದುದರಲ್ಲಿ ಸೇರಿಕೊಂಡವು. ನಡುವೆ ಎಲ್ಲೂ ಎಳೆ ಕಡಿಯಲಿಲ್ಲ. ಈ ಹೆಸರಿಗೆ ಹಕ್ಕುದಾರನಾಗಿ ಬೇರೆ ಯಾವ ಕಾರೂ ಇಲ್ಲ. ಕೊಳ್ಳುವವರು ಕೊಳ್ಳಬೇಕು.

ಇದನ್ನು ಓದಿ ನನಗೆ ಸಂತೋಷವೇ ಆಯಿತು. ಧಮ್ಮದ ಪಾಠಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತು ಅಂದುಕೊಂಡೆ. ಅದೂ ಅಲ್ಲ, ಬೇರೆಯೂ ಅಲ್ಲ. ಸಂತತಿ ಮಾತ್ರ ಇದೆ. ರಾತ್ರಿಯಿಡೀ ಉರಿಯುವ ದೀಪದ ಜ್ವಾಲೆ ಮೊದಲ ಜಾವದ್ದೇ ಕಡೆಯ ಜಾವದಲ್ಲಿಲ್ಲ, ಬೇರೆಯೂ ಅಲ್ಲ ಎನ್ನುವ ಉಪಮೆ ನೆನಪಾಯಿತು. ನಮ್ಮ ಚಾಮರಾಜನಗರದ ಚಾಮರಾಜೇಶ್ವರನ ತೇರೂ ನೆನಪಾಯಿತು. 2017ರಲ್ಲಿ ಅದಕ್ಕೆ ಬೆಂಕಿ ಬಿತ್ತು. ಕೆಲವು ವರ್ಷ ಆಷಾಢದ ತೇರೇ ಇರಲಿಲ್ಲ. 2022ರಲ್ಲಿ ಹೊಸ ತೇರು ಎಳೆದರು. ಮರ ಹೊಸದು, ಕೆತ್ತನೆ ಹೊಸದು. ಆದರೂ ಜನ 'ಚಾಮರಾಜೇಶ್ವರನ ತೇರು' ಎಂದೇ ಕೈಮುಗಿದರು.

ಆಮೇಲೆ ಒಂದು ರಾತ್ರಿ ನಿದ್ದೆ ಬರಲಿಲ್ಲ. ಕಾರು 'ಅದೇ' ಎಂದು ಸಾಧಿಸಲು ಅಷ್ಟೆಲ್ಲ ವಾದ ನಡೆಯಿತು. ಕ್ಲೈವ್ ಡನ್‌ಫೀಯನ್ನು ಮಾತ್ರ ಯಾರೂ ಜೋಡಿಸಲಾಗಲಿಲ್ಲ. ಕಾರಿನ ಕಥೆಯಲ್ಲಿ ಅವನ ಸಾವು ಒಂದು ಸಾಲಾಗಿ ಉಳಿಯಿತು.

ಇದು ಒಂದು ಕಾರಿನ ಮಾತಲ್ಲ. 1955ರಲ್ಲಿ ಅದೇ ಲೆ ಮಾನ್‌ನಲ್ಲಿ ಒಂದು ಮರ್ಸಿಡಿಸ್ 300 ಎಸ್‌ಎಲ್‌ಆರ್ ಕಾರು ಇನ್ನೊಂದಕ್ಕೆ ತಗುಲಿ ಚೂರಾಗಿ ಜನರ ಮೇಲೆ ಬಿತ್ತು. ಓಡಿಸುತ್ತಿದ್ದ ಪಿಯೆರ್ ಲೆವೆಘ್ ಮತ್ತು 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ರೇಸು ಮಾತ್ರ ನಿಲ್ಲಲಿಲ್ಲ. ಜನ ಒಮ್ಮೆಲೇ ಹೊರಟರೆ ಆಂಬುಲೆನ್ಸಿಗೆ ದಾರಿ ಇರುವುದಿಲ್ಲ ಎಂದು ಕಾರಣ ಕೊಟ್ಟರು. ಅದೇ ಮಾದರಿಯಿಂದ ಹುಟ್ಟಿದ ಇನ್ನೊಂದು ಕಾರು 2022ರಲ್ಲಿ 13.5 ಕೋಟಿ ಯೂರೋಗೆ ಹರಾಜಾಯಿತು. ಅಷ್ಟು ಬೆಲೆಗೆ ಹಿಂದೆ ಯಾವ ಕಾರೂ ಹರಾಜಾಗಿರಲಿಲ್ಲ. ಆ ಹಣವನ್ನು ಕಂಪನಿ ಮಕ್ಕಳ ಓದಿನ ನಿಧಿಗೆ ಇಟ್ಟಿತು. ಒಳ್ಳೆಯದೇ ಆಯಿತು. ಆದರೂ ಬೆಲೆ ಯಾವುದಕ್ಕೆ ಕಟ್ಟುತ್ತೇವೆ ಎಂಬ ಪ್ರಶ್ನೆ ಅಲ್ಲೇ ಇದೆ.

*ಮಾವಿನಹಣ್ಣು ಕದ್ದವನು*

ಈಗ ನಮ್ಮ ಬಳಗದ ಪ್ರಶ್ನೆಗೆ ಬರೋಣ. ರಥ ಬರೀ ಹೆಸರು, ವ್ಯಕ್ತಿಯೂ ಬರೀ ಹೆಸರು. ವಜಿರಾ ಭಿಕ್ಕುಣಿಯೂ ಮಾರನಿಗೆ ರಥದ ಮಾತನ್ನೇ ಹೇಳಿದ್ದಳು. ಹಾಗಾದರೆ 2001ರಲ್ಲಿ ಜೀಪು ಓಡಿಸಿದವನು ಯಾರು? ಆ ಮೈಯಲ್ಲಿದ್ದದ್ದು ಇಂದು ಎಷ್ಟು ಉಳಿದಿದೆ? ಆ ಬುದ್ಧಿ ಉಳಿದಿಲ್ಲ. ಆ ಹುಡುಗಾಟ ಉಳಿದಿಲ್ಲ. 'ನಾನು ಆಗಿನ ನಾನಲ್ಲ' ಎಂದು ಹೇಳಲು ಧಮ್ಮವೇ ನನಗೆ ಪದ ಕೊಟ್ಟಿತು. ನಿಜ ಹೇಳುತ್ತೇನೆ, ಅನಾತ್ಮದ ಪಾಠವನ್ನು ನಾನು ಅದಕ್ಕೂ ಬಳಸಿಕೊಂಡಿದ್ದೇನೆ.

ಆದರೆ ನಾಗಸೇನ ಭಂತೆ ಆ ಬಾಗಿಲನ್ನು ಆಗಲೇ ಮುಚ್ಚಿದ್ದಾರೆ. ಮಾವಿನಹಣ್ಣು ಕದ್ದವನ ಉಪಮೆ ನೆನಪಿದೆಯಲ್ಲ? ಕಳ್ಳ ಸಿಕ್ಕಿಬಿದ್ದು, 'ನೀನು ನೆಟ್ಟದ್ದು ಓಟೆ, ನಾನು ಕದ್ದದ್ದು ಹಣ್ಣು, ಎರಡೂ ಬೇರೆ' ಎಂದು ವಾದಿಸಿದರೆ ರಾಜ ಬಿಡುತ್ತಾನೆಯೇ ಎಂದು ಕೇಳುತ್ತಾರೆ. ಬಿಡುವುದಿಲ್ಲ. ಆ ಓಟೆ ಇಲ್ಲದೆ ಈ ಹಣ್ಣಿಲ್ಲ. ಚಳಿಗೆ ಹಚ್ಚಿದ ಬೆಂಕಿಯನ್ನು ಆರಿಸದೆ ಹೋದವನು, ಹೊಲ ಸುಟ್ಟ ಬೆಂಕಿ ನನ್ನದಲ್ಲ ಎಂದರೂ ಅಷ್ಟೇ. ಅಂಗುಲಿಮಾಲ ನಿಜವಾಗಿಯೂ ಬದಲಾದ, ಅರಹಂತನಾದ. ಆದರೂ ಭಿಕ್ಷೆಗೆ ಹೋದಾಗ ಅವನ ಮೇಲೆ ಕಲ್ಲು ಬಿದ್ದವು. ಬುದ್ಧರು ಅದನ್ನು ಸಹಿಸಿಕೋ ಎಂದರು. ನೀನು ಬೇರೆಯವನಾದೆ, ಅದಕ್ಕೂ ನಿನಗೂ ಸಂಬಂಧವಿಲ್ಲ ಎನ್ನಲಿಲ್ಲ.

ಅಂದರೆ ಅನಾತ್ಮ ಎನ್ನುವುದು ಹೊಣೆಯಿಂದ ಬಿಡುಗಡೆ ಕೊಡುವ ಚೀಟಿಯಲ್ಲ. 'ನಾನು' ಎಂಬ ಗಟ್ಟಿ ಗುಳಿಗೆ ಒಳಗಿಲ್ಲದಿದ್ದರೂ ಎಳೆ ಇದೆ. ಬೆಂಟ್ಲಿ ಕಾರಿನ ಗೆಲುವು ಎಳೆಯ ಮೂಲಕ ಇಂದಿನ ಕಾರಿಗೆ ಬರುತ್ತದೆ ಎಂದಾದರೆ, ಅದರ ಅಪಘಾತವೂ ಅದೇ ಎಳೆಯಲ್ಲಿ ಬರಬೇಕು. ಓದಿದ್ದು, ಕೆಲಸ ಸಿಕ್ಕಿದ್ದು ನನ್ನದು ಎನ್ನುವವನಿಗೆ ಆ ರಾತ್ರಿಯೂ ನನ್ನದೇ.

*ಗುರುತು ಇರುವ ದುರಸ್ತಿ*

ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ಅವರ ಮಗ ಜೀಪನ್ನು ಮಾರಲು ನಿಂತ. ಬೆಂಗಳೂರಿನಿಂದ ಹಳೆಯ ಗಾಡಿ ಕೂಡಿಡುವವರೊಬ್ಬರು ಬಂದರು. ಜೀಪಿನ ಸುತ್ತ ಕುಕ್ಕರಗಾಲಲ್ಲಿ ಕೂತು ನಂಬರುಗಳನ್ನೆಲ್ಲ ನೋಡಿದರು. "ಆಕ್ಸಿಡೆಂಟ್ ಏನಾದ್ರೂ ಆಗಿತ್ತಾ?" ಎಂದು ಕೇಳಿದರು. ತಮ್ಮ, "ಇಲ್ಲ ಸಾರ್, ಒಂದು ಗೀಟೂ ಇಲ್ಲ" ಅಂದ.

ನಾನು ಅಲ್ಲೇ ಇದ್ದೆ. ಮುಸಾವಾದದಿಂದ ದೂರವಿರುತ್ತೇನೆ ಎಂದು ದಿನಾ ಬೆಳಿಗ್ಗೆ ಹೇಳುವ ಬಾಯಿ ಇದು. "ಆಗಿತ್ತು. 2001ರಲ್ಲಿ. ನಾನೇ ಮಗುಚಿದ್ದೆ" ಅಂದೆ. ತಮ್ಮ ನನ್ನನ್ನು ನುಂಗುವಂತೆ ನೋಡಿದ. ಬಂದವರು ನಕ್ಕರು. "ಪರವಾಗಿಲ್ಲ ಮೇಷ್ಟ್ರೇ, ಅದೂ ಗಾಡಿ ಹಿಸ್ಟರಿನೇ. ಇಂಥ ಕಥೆ ಇದ್ರೆ ಗಾಡಿಗೆ ಒಂದು ತೂಕ ಬರುತ್ತೆ" ಅಂದರು. ಬೆಲೆ ಕಡಿಮೆ ಆಗಲಿಲ್ಲ.

ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನನಗೆ ಅದು ಚುಚ್ಚಿತು. ಒಬ್ಬ ಹುಡುಗನ ಕಾಲು ಜೀಪಿನ ಕಥೆಗೆ ತೂಕವಾಯಿತು.

ಹಳೆಯ ವಾಹನಗಳವರಲ್ಲಿ ಟ್ಯೂರಿನ್ ಸನ್ನದು ಎಂದೊಂದು ಇದೆಯಂತೆ. ವಾಹನದ ಮೇಲೆ ಕಾಲ ಬಿಟ್ಟ ಗುರುತುಗಳನ್ನು ಅಳಿಸಬೇಡಿ, ಹೊಸದಾಗಿ ಕಾಣಿಸುವ ಹಟ ಬೇಡ, ಭಾಗ ಬದಲಾಯಿಸಿದರೆ ಅದು ಬದಲಾದದ್ದೆಂದು ಗೊತ್ತಾಗುವ ಗುರುತು ಇಡಿ ಎಂಬುದು ಅದರ ನೀತಿ. ಇದನ್ನು ಓದಿದಾಗ ದೊಡ್ಡಪ್ಪನ ಪುಟ್ಟಿ, ಪೇಂಟ್ ನೆನಪಾಯಿತು. ಅವರ ಕೆಲಸದಲ್ಲಿ ಪ್ರೀತಿ ಇತ್ತು, ಸಂದೇಹವಿಲ್ಲ. ಆದರೆ 'ಏನೂ ಆಗೇ ಇಲ್ಲ' ಅನ್ನಿಸುವಂತೆ ಮಾಡುವುದರಲ್ಲಿ ಒಂದು ಅಪಾಯವೂ ಇದೆ. ಜೀಪು ಸರಿಯಾದ ದಿನವೇ ನಮ್ಮ ಮನೆಯಲ್ಲಿ ಆ ವಿಷಯ ಮುಗಿದುಹೋಯಿತು. ವಸ್ತುವನ್ನು ರಿಪೇರಿ ಮಾಡಿ ಮನುಷ್ಯನನ್ನು ಮರೆತೆವು. ಎರಡು ಸಾವಿರ ರೂಪಾಯಿಯೂ ಒಂದು ತರಹದ ಪುಟ್ಟಿಯೇ.

ಆ ಭಾನುವಾರವೇ ಹುಡುಕಿಕೊಂಡು ಹೋದೆ. ಸಿಗುವುದು ಕಷ್ಟವಾಗಲಿಲ್ಲ. ಅದೇ ನಾಚಿಕೆಯ ಸಂಗತಿ. ನಮ್ಮ ತಾಲ್ಲೂಕಿನಲ್ಲೇ, ಬಸ್ಸಿಳಿದು ಅರ್ಧ ಗಂಟೆ ನಡೆದರೆ ಸಿಗುವ ಊರು. ಮನೆ ಮುಂದೆ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಕಾಲು ಎಳೆದು ನಡೆಯುತ್ತಾನೆ. ಈಗ ನಲವತ್ತರ ಹತ್ತಿರ. ನನ್ನನ್ನು ನೋಡಿ "ಅಣ್ಣ" ಎನ್ನಲು ಹೊರಟವನು ತಡೆದು "ಬನ್ನಿ ಸಾ" ಅಂದ.

ಏನು ಹೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡಿದ್ದೆಲ್ಲ ಮರೆತುಹೋಯಿತು. ಅವನೇ ಕೇಳಿದ, "ಜೀಪು ಹೆಂಗದೆ ಸಾ? ಇನ್ನೂ ಓಡ್ತದಾ?"

ಮಾರಿದರು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಸರಿಯಾದ್ಮೇಲೆ ಒಂದ್ಸಲಾನಾದ್ರೂ ನೋಡ್ಬೇಕು ಅಂತಿತ್ತು. ಯಾರೂ ಕರೀನಿಲ್ಲ" ಅಂದ.

ನಾನು ಹೇಳಿದೆ, "ಅವತ್ತು ನೀನು ಮೆಲ್ಲಗೆ ಅಂದದ್ದು ನಂಗೆ ಕೇಳಿಸಿತ್ತು." ಇಷ್ಟೇ ಹೇಳಲು ಆದದ್ದು. ಅವನು ನನ್ನ ಮುಖ ನೋಡಿದ. "ಕೇಳ್ಸಿತ್ತು ಅಂತ ನಂಗೂ ಗೊತ್ತಿತ್ತು ಸಾ. ಬುಡಿ" ಅಂದ.

'ಬುಡಿ' ಎಂದದ್ದನ್ನು ಕ್ಷಮೆ ಎಂದು ನಾನು ಬರೆದುಕೊಳ್ಳುವುದಿಲ್ಲ. ನಮ್ಮ ಕಡೆ ಆ ಮಾತಿಗೆ ಬಹಳ ಅರ್ಥ ಇದೆ. ಬಂದವರನ್ನು ಇನ್ನಷ್ಟು ನೋಯಿಸುವುದು ಬೇಡ ಎನ್ನುವುದೂ ಅದರಲ್ಲಿ ಒಂದು.

ಮಾತಾಡುತ್ತ ತಿಳಿಯಿತು, ಅವನ ಬಳಿ ಅಂಗವಿಕಲರ ಗುರುತಿನ ಕಾರ್ಡು ಇಲ್ಲ. ಆನ್‌ಲೈನ್ ಅರ್ಜಿ, ಆಸ್ಪತ್ರೆಯ ತಪಾಸಣೆ ಎಂದು ಒಂದೆರಡು ಸಲ ಅಲೆದು ಬಿಟ್ಟಿದ್ದ. ಅಂಗವೈಕಲ್ಯ ಶೇಕಡ 40 ಅಥವಾ ಮೇಲಿದ್ದರೆ ಸರ್ಕಾರದ ಸೌಲಭ್ಯಗಳಿಗೆ ಅದು ದಾರಿ. ಅರ್ಜಿ ತುಂಬುವುದು ಮೇಷ್ಟ್ರಿಗೆ ಬರುವ ಕೆಲಸ. ಅಲ್ಲೇ ಕೂತು ತುಂಬಿದೆ. ರಜೆ ಹಾಕಿ ಎರಡು ಸಲ ಜೊತೆಗೆ ಹೋದೆ. ತಪಾಸಣೆ ಆಗಿದೆ, ಕಾರ್ಡಿಗೆ ಕಾಯುತ್ತಿದ್ದೇವೆ. ನಾನು ಮಾಡಿದ್ದು ಇಷ್ಟೇ. ಇದರಿಂದ ಕಾಲು ನೇರವಾಗುವುದಿಲ್ಲ, ಇಪ್ಪತ್ತು ಚಿಲ್ಲರೆ ವರ್ಷ ವಾಪಸ್ ಬರುವುದಿಲ್ಲ. ಇದನ್ನು ಬರೆಯಲೇ ಎಂದು ಅವನನ್ನು ಕೇಳಿದೆ. "ಹೆಸ್ರು ಬ್ಯಾಡ ಸಾ, ಮಿಕ್ಕದ್ದು ಬರೀರಿ" ಅಂದ.

ಆ ಒಂಬತ್ತನೇ ತರಗತಿಯ ಹುಡುಗನಿಗೆ ಈಗ ನನ್ನ ಉತ್ತರ ಹೀಗಿದೆ. ಓಡಿಸಲಿ ಮಗ, ವಸ್ತು ಇರುವುದು ಬಳಸಲಿಕ್ಕೆ. ಮುರಿದರೆ ಸರಿ ಮಾಡಲಿ, ಅದೂ ಒಳ್ಳೆಯ ವಿದ್ಯೆ. ಆದರೆ ಹಿಂದೆ ಕೂತವನು 'ಮೆಲ್ಲಗೆ' ಅಂದಾಗ ಕೇಳಿಸಿಕೊಳ್ಳಲಿ. ಮಗುಚಿದರೆ ಮೊದಲು ಗಾಡಿಯ ಕೆಳಗೆ ಯಾರಿದ್ದಾರೆಂದು ನೋಡಲಿ.

ಬಾಬಾಸಾಹೇಬರು ಧಮ್ಮವನ್ನು ಆಕಾಶದಲ್ಲಿ ಇಡಲಿಲ್ಲ, ಮನುಷ್ಯ ಮನುಷ್ಯರ ನಡುವೆ ಇಟ್ಟರು. ಕಾರು, ಜೀಪು, ತೇರು ಎಲ್ಲವೂ ಆ ನಡುವಿನ ಜಾಗದಲ್ಲಿ ಬಂದು ನಿಲ್ಲುತ್ತವೆ. ಒಮ್ಮೊಮ್ಮೆ ಎಷ್ಟು ದೊಡ್ಡದಾಗಿ ನಿಲ್ಲುತ್ತವೆಂದರೆ ಆಚೆಗಿರುವ ಮನುಷ್ಯನೇ ಕಾಣುವುದಿಲ್ಲ.

*ಇಂದಿನ ಅಭ್ಯಾಸ*

ಹತ್ತು ನಿಮಿಷ ಆನಾಪಾನದಲ್ಲಿ ಕೂತ ಮೇಲೆ ಈ ಮೂರು ಪ್ರಶ್ನೆ ಕೇಳಿಕೊಳ್ಳೋಣ:

1. ನನ್ನ ಎಚ್ಚರಗೇಡಿತನದಿಂದ ಮುರಿದದ್ದು ಏನು? ಅದರಲ್ಲಿ ನಾನು ವಸ್ತುವನ್ನು ಮಾತ್ರ ಸರಿ ಮಾಡಿದೆನೇ?

2. 'ಆಗಿನ ನಾನು ಬೇರೆ' ಎಂಬ ಮಾತನ್ನು ನಾನು ಕಲಿಯಲು ಬಳಸುತ್ತಿದ್ದೇನೆಯೇ, ತಪ್ಪಿಸಿಕೊಳ್ಳಲು ಬಳಸುತ್ತಿದ್ದೇನೆಯೇ?

3. ನಾನು ಹುಡುಕಿಕೊಂಡು ಹೋಗಬೇಕಾದವರು ಬಸ್ಸಿಳಿದು ಅರ್ಧ ಗಂಟೆ ನಡೆಯುವಷ್ಟು ಹತ್ತಿರದಲ್ಲೇ ಇದ್ದಾರೆಯೇ?

ಮೂರನೆಯದಕ್ಕೆ 'ಹೌದು' ಎಂದು ಬಂದರೆ, ಈ ಮೆಸೇಜನ್ನು ಫಾರ್ವರ್ಡ್ ಮಾಡುವ ಮುಂಚೆ ಒಮ್ಮೆ ಹೋಗಿ ಬನ್ನಿ.

ಎಲ್ಲರಿಗೂ ಒಳಿತಾಗಲಿ. ಸಾಧು, ಸಾಧು, ಸಾಧು 🙏

ನಮೋ ಬುದ್ಧಾಯ, ಜೈ ಭೀಮ್ 🪷